ನಾಲಿಗೆ ಕೆಳಗಿನ ಹತ್ತು ನಿಮಿಷ

ಇವತ್ತಿಗೆ 2 ವರ್ಷ ಆಯ್ತು. ನೋವಿನ ಮಾತ್ರೆಯ ಚಟಕ್ಕೆ ಕೊಡುವ ಔಷಧಿ ಬುಪ್ರೆನಾರ್ಫಿನ್, ಅದರ ಮೊದಲ ಮಾತ್ರೆಯನ್ನು ನಾಲಿಗೆ ಕೆಳಗೆ ಇಟ್ಟುಕೊಂಡ ದಿನ ಇದು. ಆವತ್ತಿನಿಂದ ಆ ಚಟಕ್ಕೆ ಮತ್ತೆ ಬಿದ್ದಿಲ್ಲ. ಇದಕ್ಕೆ ಕಾರಣರಾದ ಒಬ್ಬೊಬ್ಬರ ಮನೆಗೂ ಹೋಗಿ ಥ್ಯಾಂಕ್ಸ್ ಹೇಳಬೇಕಿತ್ತು. ಆದರೆ ಎದುರು ನಿಂತರೆ ಗಂಟಲು ಕಟ್ಟುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿಂದಿನ ಕತೆ. ನನಗೆ ಬೆನ್ನಿನ ಆಪರೇಷನ್ ಆಗಿತ್ತು. ನೋವಿಗೆ ಒಪಿಯಾಯ್ಡ್, ಅಂದರೆ ಅಫೀಮಿನ ಥರ ಕೆಲಸ ಮಾಡುವ ಮಾತ್ರೆ ಬರೆದುಕೊಟ್ಟರು. ಅದರಲ್ಲಿ ತಪ್ಪೇನೂ ಇಲ್ಲ. ಆ ವಾರಗಳಲ್ಲಿ ಅದು ಇಲ್ಲದಿದ್ದರೆ ಮಗ್ಗುಲು ಬದಲಿಸುವುದೂ ಕಷ್ಟವಿತ್ತು. ಅಫೀಮಿನಿಂದ ತೆಗೆಯುವ ಮಾರ್ಫಿನ್, ಕೋಡೀನ್ ಆಗಲಿ, ಲ್ಯಾಬಿನಲ್ಲಿ ತಯಾರಿಸುವ ಫೆಂಟನಿಲ್ ಆಗಲಿ, ಎಲ್ಲವೂ ಮಿದುಳಿನಲ್ಲಿ ಹೋಗಿ ಕೂರುವ ಜಾಗ ಒಂದೇ. ನೋವು ತಗ್ಗುತ್ತದೆ. ಜೊತೆಗೆ ಯಾರೋ ಬೆಚ್ಚಗೆ ಹೊದಿಸಿದ ಹಾಗೆ ಆಗುತ್ತದೆ. ಬೆನ್ನು ವಾಸಿಯಾದ ಮೇಲೂ ನನಗೆ ಆ ಹೊದಿಕೆ ಬೇಕೆನಿಸಿತು. ದೇಹ ಒಗ್ಗಿಕೊಂಡ ಹಾಗೆ ಮೊದಲಿನಷ್ಟು ಸಾಲದಾಯಿತು. 2 ಇದ್ದದ್ದು 4 ಆಯ್ತು, ಆಮೇಲೆ ಲೆಕ್ಕ ತಪ್ಪಿತು. ಕೊನೆಕೊನೆಗೆ ಖುಷಿಗೆ ನುಂಗುತ್ತಿರಲಿಲ್ಲ. ಬೆಳಗ್ಗೆ ಎದ್ದು ಹಲ್ಲುಜ್ಜುವಷ್ಟು ಶಕ್ತಿ ಬರಲಿ ಅಂತ ನುಂಗುತ್ತಿದ್ದೆ.

ಮೊದಲ ನಮಸ್ಕಾರ ಔಷಧಿ ಅಂಗಡಿಯ ಆ ಹಿರಿಯರಿಗೆ. ಡಾಕ್ಟರ್ ಚೀಟಿಯಲ್ಲಿ ನಾನು ತಾರೀಖು ತಿದ್ದಿದ್ದೆ. ಅವರಿಗೆ ನೋಡಿದ ಕೂಡಲೇ ಗೊತ್ತಾಯಿತು. ಹಿಂದೆ ನಾಲ್ಕು ಜನ ನಿಂತಿದ್ದರು. ಅವರು ದನಿ ಏರಿಸಲಿಲ್ಲ. ಚೀಟಿಯನ್ನು ಮಡಚಿ ನನ್ನ ಕೈಗಿಟ್ಟು, "ಇದನ್ನ ನಾನು ಕೊಡೋಕಾಗಲ್ಲ. ಡಾಕ್ಟರಿಗೆ ನಿಜ ಹೇಳಿ, ಬೈಯ್ಯಲ್ಲ" ಅಂದರು. ಆವತ್ತು ಅವರ ಮೇಲೆ ಸಿಟ್ಟು ಬಂದಿತ್ತು. ಸರ್, ಕ್ಷಮಿಸಿ.

ಮೊದಲ ಸಲ ಸೇರಿದ ಚಿಕಿತ್ಸಾ ಕೇಂದ್ರದ ಬಗ್ಗೆ ಜಾಸ್ತಿ ಹೇಳಲಾರೆ. ಎಲ್ಲವನ್ನೂ ಒಮ್ಮೆಲೇ ನಿಲ್ಲಿಸಿದರು. ಮೊದಲು ಆಕಳಿಕೆ, ಮೂಗು ಸೋರುವುದು, ಕಣ್ಣಲ್ಲಿ ನೀರು. ಆಮೇಲೆ ಮೈಯೆಲ್ಲ ಮುಳ್ಳೆದ್ದು ಬೆವರು, ವಾಂತಿ, ಭೇದಿ. ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ. ಎರಡನೇ, ಮೂರನೇ ದಿನ ಎಲ್ಲಕ್ಕಿಂತ ಕೆಟ್ಟದು. 10 ದಿನ ಕಳೆದ ಮೇಲೆ "ಈಗ ನೀವು ಪೂರ್ತಿ ಸರಿಹೋದಿರಿ, ಇನ್ನು ಮನಸ್ಸು ಗಟ್ಟಿ ಮಾಡಿಕೊಳ್ಳಿ" ಅಂತ ಕಳಿಸಿದರು. ಮುಂದೆ ಏನು ಅಂತ ಯಾರೂ ಹೇಳಲಿಲ್ಲ. ಅದಕ್ಕಿಂತ ಮುಖ್ಯವಾದ ಒಂದು ಮಾತನ್ನೂ ಹೇಳಲಿಲ್ಲ: ಬಿಟ್ಟ ಮೇಲೆ ದೇಹ ತಡೆದುಕೊಳ್ಳುವ ಶಕ್ತಿ ಇಳಿದಿರುತ್ತದೆ, ನಿನ್ನೆ ಮೊನ್ನೆಯವರೆಗೆ ಅರಗುತ್ತಿದ್ದ ಪ್ರಮಾಣವೇ ಈಗ ಉಸಿರು ನಿಲ್ಲಿಸಬಹುದು.

ಮೂರನೇ ವಾರ ನನಗೆ ಆದದ್ದು ಅದೇ. ಒಂದೇ ಒಂದು ಸಲ ಅಂತ ಹಳೆಯ ಲೆಕ್ಕದಲ್ಲಿ ತೆಗೆದುಕೊಂಡೆ.

ಅಕ್ಕ ಪಕ್ಕದ ರೂಮಿನಲ್ಲಿದ್ದಳು. ಗೊರಕೆ ಕೇಳಿಸಿತಂತೆ. ಆದರೆ ಅದು ನಿದ್ದೆಯ ಗೊರಕೆ ಅಲ್ಲ, ಗಂಟಲಲ್ಲಿ ನೀರು ಗುಳುಗುಟ್ಟಿದ ಹಾಗಿತ್ತು ಅಂತ ಈಗಲೂ ಹೇಳುತ್ತಾಳೆ. ಒಳಗೆ ಬಂದಾಗ ನನ್ನ ತುಟಿ ನೀಲಿ, ಕಣ್ಣಪಾಪೆ ಸೂಜಿಮೊನೆಯಷ್ಟು. ಆಂಬುಲೆನ್ಸ್‌ಗೆ ಫೋನ್ ಮಾಡಿ, ಅವರು ಹೇಳಿಕೊಟ್ಟ ಹಾಗೆ ನನ್ನ ಬಾಯಿಗೆ ಬಾಯಿಟ್ಟು ಉಸಿರು ಕೊಟ್ಟಳು. ಬಂದವರು ನಲಾಕ್ಸೋನ್ ಕೊಟ್ಟರು. ಒಪಿಯಾಯ್ಡ್ ಕೂತಿರುವ ಜಾಗದಿಂದ ಅದನ್ನು ತಳ್ಳಿ ಹೊರಹಾಕುವ ಔಷಧಿ ಅದು, ಕೆಲವೇ ನಿಮಿಷದಲ್ಲಿ ಉಸಿರು ಮರಳುತ್ತದೆ. ಆದರೆ ಅದರ ಪ್ರಭಾವ 30ರಿಂದ 90 ನಿಮಿಷ ಅಷ್ಟೇ. ಎಚ್ಚರವಾದ ಕೂಡಲೇ ನಾನು "ಆಸ್ಪತ್ರೆ ಬೇಡ" ಅಂತ ಹಟ ಹಿಡಿದೆನಂತೆ. ಬಿಡದೆ ಕರೆದುಕೊಂಡು ಹೋದ ಆ ಇಬ್ಬರ ಮುಖ ನನಗೆ ನೆನಪಿಲ್ಲ. ಅಣ್ಣಂದಿರಾ, ನಿಮಗೆ ಕೈಮುಗಿಯುತ್ತೇನೆ.

ಅಲ್ಲಿ ಸಿಕ್ಕಿದ ಡಾಕ್ಟರ್ ನನ್ನ ಬದುಕಿನ ದಿಕ್ಕನ್ನೇ ಬದಲಿಸಿದರು. ಅವರು ಕೇಳಿದ ಮೊದಲ ಪ್ರಶ್ನೆ "ಯಾಕೆ ಹೀಗೆ ಮಾಡಿದಿರಿ" ಅಂತ ಅಲ್ಲ. "ನಿದ್ದೆ ಬರ್ತಿದೆಯಾ?" ಅಂತ. ದೇಹ ಒಗ್ಗಿಹೋಗುವುದು ಬೇರೆ, ಚಟ ಬೇರೆ ಅಂತ ಬಿಡಿಸಿ ಹೇಳಿದರು. ಕ್ಯಾನ್ಸರ್ ನೋವಿಗೆ ತಿಂಗಳುಗಟ್ಟಲೆ ಮಾರ್ಫಿನ್ ತೆಗೆದುಕೊಂಡವರಿಗೂ ಒಮ್ಮೆಲೇ ನಿಲ್ಲಿಸಿದರೆ ಮೈ ನಡುಗುತ್ತದೆ, ಅಷ್ಟಕ್ಕೇ ಅವರು ಚಟಗಾರರಲ್ಲ. ಹಾಳಾಗುತ್ತಿದ್ದೇನೆ ಅಂತ ಗೊತ್ತಿದ್ದೂ ಕೈ ಅದೇ ಕಡೆ ಹೋಗುತ್ತದಲ್ಲ, ಆ ಹಿಡಿತ ತಪ್ಪುವುದೇ ಕಾಯಿಲೆ. ಕಾಯಿಲೆ ಅನ್ನುವ ಪದ ಕೇಳಿ ನಾನು ಅತ್ತುಬಿಟ್ಟೆ. ಅಲ್ಲಿಯವರೆಗೆ ಎಲ್ಲರೂ, ನಾನೂ ಸೇರಿ, ಅದನ್ನು ಕೆಟ್ಟ ಬುದ್ಧಿ ಅಂತಲೇ ಕರೆದಿದ್ದೆವು.

ಅವರು ಮೂರು ದಾರಿ ಹೇಳಿದರು. ಒಂದು ಮೆಥಡೋನ್. 1960ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ವಿನ್ಸೆಂಟ್ ಡೋಲ್ ಮತ್ತು ಮೇರಿ ನಿಸ್ವಾಂಡರ್ ಅನ್ನುವ ವೈದ್ಯರು ಚಟದ ಚಿಕಿತ್ಸೆಗೆ ಬಳಸಿ ತೋರಿಸಿದ್ದು. ಅದೂ ಒಪಿಯಾಯ್ಡೇ. ಆದರೆ ನಿಧಾನಕ್ಕೆ ಕೆಲಸ ಮಾಡಿ ತುಂಬಾ ಹೊತ್ತು ಇರುತ್ತದೆ, ಹಾಗಾಗಿ ಏರಿಳಿತ ಇಲ್ಲ. ಇನ್ನೊಂದು ಬುಪ್ರೆನಾರ್ಫಿನ್. ಅದೇ ಜಾಗದಲ್ಲಿ ಗಟ್ಟಿಯಾಗಿ ಕೂರುತ್ತದೆ, ಆದರೆ ಅರ್ಧಂಬರ್ಧ ಮಾತ್ರ ಕೆಲಸ ಮಾಡುತ್ತದೆ. ಒಂದು ಮಟ್ಟ ದಾಟಿದ ಮೇಲೆ ಪ್ರಮಾಣ ಏರಿಸಿದರೂ ಪರಿಣಾಮ ಅಷ್ಟಾಗಿ ಏರುವುದಿಲ್ಲ, ಅದಕ್ಕೇ ಉಸಿರು ನಿಲ್ಲುವ ಭಯ ಕಡಿಮೆ. ಇವೆರಡೂ 2005ರಿಂದ ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಗತ್ಯ ಔಷಧಿಗಳ ಪಟ್ಟಿಯಲ್ಲಿವೆ. ಮೂರನೆಯದು ನಾಲ್ಟ್ರೆಕ್ಸೋನ್, ಆ ಜಾಗಕ್ಕೆ ಬೀಗ ಹಾಕುವಂಥದ್ದು. ಅದನ್ನು ಶುರು ಮಾಡುವ ಮೊದಲು ಒಂದು ವಾರದಿಂದ 10 ದಿನ ಯಾವ ಒಪಿಯಾಯ್ಡೂ ಮೈಯಲ್ಲಿರಬಾರದು. ನನ್ನ ಕೈಲಿ ಅದು ಆಗುವಂತಿರಲಿಲ್ಲ. ಇಬ್ಬರೂ ಕೂತು ಮಾತಾಡಿ ಬುಪ್ರೆನಾರ್ಫಿನ್ ಆರಿಸಿದೆವು. ಯಾವುದು ಬೇಕು ಅಂತ ನನ್ನನ್ನೂ ಕೇಳಿದರಲ್ಲ, ಅದಕ್ಕೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು.

ಆದರೆ ಹಳೆಯ ನೋವಿನ ಮಾತ್ರೆ ಮೈಯಲ್ಲಿ ಇರುವಾಗಲೇ ಇದನ್ನು ಕೊಟ್ಟರೆ, ಇದು ಅದನ್ನು ಒಮ್ಮೆಲೇ ತಳ್ಳಿ, ವಿತ್‌ಡ್ರಾವಲ್, ಅಂದರೆ ಮಾತ್ರೆ ನಿಲ್ಲಿಸಿದಾಗ ಆಗುವ ಆ ನರಳಾಟ, ಬಿರುಗಾಳಿಯ ಹಾಗೆ ಬರುತ್ತದಂತೆ. ಆಸ್ಪತ್ರೆಯಿಂದ ಬಂದ ಮೇಲೂ ನಾನು ಹಳೆಯ ಮಾತ್ರೆಗೇ ಮರಳಿದ್ದೆ, ಅದನ್ನು ಮುಚ್ಚಿಡುವುದಿಲ್ಲ. ಹಾಗಾಗಿ ಕಾಯಬೇಕಿತ್ತು. ಕೊನೆಯ ಮಾತ್ರೆ ನುಂಗಿ 16 ಗಂಟೆ ಆಗಿತ್ತು. ವಿತ್‌ಡ್ರಾವಲ್ ಎಷ್ಟು ಶುರುವಾಗಿದೆ ಅಂತ ಅಳೆಯಲು ಸಿಸ್ಟರ್ ಒಂದು ಹಾಳೆ ಹಿಡಿದು ಎದುರು ಕೂತರು. ನಾಡಿ ನೋಡಿದರು, ಕಣ್ಣಿಗೆ ಟಾರ್ಚ್ ಬಿಟ್ಟರು, ಎರಡೂ ಕೈ ಮುಂದೆ ಚಾಚಲು ಹೇಳಿ ನಡುಕ ನೋಡಿದರು, ತೋಳಿನ ಮೇಲೆ ಬೆರಳಾಡಿಸಿ ರೋಮ ಎದ್ದಿದೆಯಾ ನೋಡಿದರು. ಪ್ರತಿಯೊಂದಕ್ಕೂ ಅಂಕ. "ಇನ್ನೂ ಸ್ವಲ್ಪ ತಡೀರಿ" ಅಂದರು. ಒಂದು ಗಂಟೆ ಬಿಟ್ಟು ಮತ್ತೆ ನೋಡಿ, "ಈಗ ಕೊಡಬಹುದು" ಅಂದರು. ಅಷ್ಟು ಹೊತ್ತೂ ನನ್ನ ಬೆನ್ನು ಸವರುತ್ತಿದ್ದವರು ಅವರೇ. ಅವರ ಡ್ಯೂಟಿ ಮುಗಿದು ಎಷ್ಟೋ ಹೊತ್ತಾಗಿತ್ತು ಅಂತ ಆಮೇಲೆ ಗೊತ್ತಾಯಿತು.

ಮಾತ್ರೆ ಕಹಿ. ನುಂಗಬಾರದು, ಮಾತಾಡಬಾರದು, ಕರಗುವವರೆಗೆ ನಾಲಿಗೆ ಕೆಳಗೇ ಇರಬೇಕು. ಸುಮಾರು ಹತ್ತು ನಿಮಿಷ. ಬಾಯಿ ತುಂಬಾ ಜೊಲ್ಲು. ಗೋಡೆ ಗಡಿಯಾರ ನೋಡುತ್ತಾ ಕೂತೆ. ಮುಕ್ಕಾಲು ಗಂಟೆ ಹೊತ್ತಿಗೆ ಕಾಲು ಒದರುವುದು ನಿಂತಿತು. ಮತ್ತೇನಲ್ಲ, ಕಾಲು ಸುಮ್ನೆ ಕಾಲಿನ ಹಾಗೆ ಇತ್ತು. ಎಷ್ಟೋ ತಿಂಗಳ ಮೇಲೆ ನನಗೆ ಹಸಿವಾಯಿತು.

ಹೊರಗೆ ಕಾಯುವ ಬೆಂಚಿನಲ್ಲಿ ಪರಿಚಯವಾದ ಒಬ್ಬರು ಮೆಥಡೋನ್ ತೆಗೆದುಕೊಳ್ಳುತ್ತಿದ್ದರು. "ಇದೂ ಒಂದು ಚಟವೇ ತಾನೇ?" ಅಂತ ನಾನು ಕೇಳಿಬಿಟ್ಟೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ಇದನ್ನ ಶುರು ಮಾಡಿದಾಗ ನನ್ನ ಮಗಳು ಒಂದನೇ ಕ್ಲಾಸು. ಈಗ ಹತ್ತು. ಅವಳ ಸ್ಕೂಲಿನ ಒಂದು ಮೀಟಿಂಗೂ ನಾನು ತಪ್ಪಿಸಿಲ್ಲ" ಅಂದರು. ಅಣ್ಣಾ, ಆ ಮಾತು ನನ್ನ ಹತ್ತಿರ ಇನ್ನೂ ಇದೆ.

ಕೌನ್ಸೆಲರ್ ಮೇಡಂ, ನಿಮಗೂ. ಯಾವ ಹೊತ್ತಿಗೆ ಆಸೆ ಏಳುತ್ತದೆ ಬರೆದಿಡಿ ಅಂದಿರಿ. ತಿಂಗಳ ಪುಸ್ತಕ ತೆರೆದರೆ ಎಲ್ಲವೂ ಸಂಜೆ 4 ಗಂಟೆಯ ಆಸುಪಾಸು. ನಾನು ಒಬ್ಬಂಟಿ ಇರುತ್ತಿದ್ದ ಹೊತ್ತು. ಮಾತ್ರೆ ಮೈಯನ್ನು ನೋಡಿಕೊಂಡಿತು, ಆ 4 ಗಂಟೆಯನ್ನು ನೀವು ನೋಡಿಕೊಂಡಿರಿ.

ಅಮ್ಮನ ಬಗ್ಗೆ ಬರೆಯುವುದು ಕಷ್ಟ. "ಇದನ್ನ ಯಾವಾಗ ಬಿಡ್ತೀಯಾ?" ಅಂತ ವಾರಕ್ಕೊಮ್ಮೆ ಕೇಳುತ್ತಿದ್ದಳು. ಕೊನೆಗೆ ಡಾಕ್ಟರನ್ನೇ ಕೇಳಲು ನನ್ನ ಜೊತೆ ಬಂದಳು. ಎಷ್ಟು ದಿನ ಬೇಕೋ ಅಷ್ಟು ದಿನ, ಕೆಲವರಿಗೆ ವರ್ಷಗಟ್ಟಲೆ, ಅವಸರದಲ್ಲಿ ನಿಲ್ಲಿಸಿದರೆ ಮತ್ತೆ ಬೀಳುವುದು ಜಾಸ್ತಿ ಅಂತ ಅವರು ತಾಳ್ಮೆಯಿಂದ ಹೇಳಿದರು. ವಾಪಸ್ ಬರುವಾಗ ಅಮ್ಮ ದಾರಿಯುದ್ದಕ್ಕೂ ಸುಮ್ಮನಿದ್ದಳು. ಮನೆ ಬಾಗಿಲ ಹತ್ತಿರ, "ನಾನು 14 ವರ್ಷದಿಂದ ಬಿಪಿ ಮಾತ್ರೆ ನುಂಗ್ತಿದೀನಿ. ಯಾವಾಗ ಬಿಡ್ತೀಯಾ ಅಂತ ನನ್ನನ್ನ ಯಾರೂ ಕೇಳಿಲ್ಲ" ಅಂದಳು. ಆಮೇಲೆ ಕೇಳಲೇ ಇಲ್ಲ. ಈಗ ನನ್ನ ಮಾತ್ರೆ ಬೀಗ ಹಾಕಿದ ಡಬ್ಬಿಯಲ್ಲಿರುತ್ತದೆ, ಮನೆಗೆ ಬರುವ ಮಕ್ಕಳ ಕೈಗೆ ಸಿಗಬಾರದಲ್ಲ. ನಲಾಕ್ಸೋನ್ ಎಲ್ಲಿದೆ ಅಂತ ಅಮ್ಮನಿಗೂ ಗೊತ್ತು.

ಇದನ್ನು ಓದುತ್ತಿರುವವರಲ್ಲಿ ಯಾರಾದರೂ ಈಗ ಅದೇ ಸ್ಥಿತಿಯಲ್ಲಿದ್ದರೆ, ಒಬ್ಬರೇ ರೂಮಿನ ಬಾಗಿಲು ಹಾಕಿಕೊಂಡು ನಿಲ್ಲಿಸಲು ಹೋಗಬೇಡಿ. ಡಾಕ್ಟರ್ ಹತ್ತಿರ ಹೋಗಿ. ಒಬ್ಬರು ಬೈದು ಕಳಿಸಿದರೆ ಇನ್ನೊಬ್ಬರ ಹತ್ತಿರ ಹೋಗಿ. ನನಗೆ ಬರೆಯಬೇಕು ಅನಿಸಿದರೆ ಬರೆಯಿರಿ, ಯಾವ ಹೊತ್ತಾದರೂ ಸರಿ.

ಕೊನೆಗೆ ಅಕ್ಕ. ಆ ರಾತ್ರಿಯ ಮೇಲೆ ಅವಳು ದಿನಾ ಬೆಳಗ್ಗೆ 7 ಗಂಟೆಗೆ ಫೋನ್ ಮಾಡುತ್ತಾಳೆ. ನಾನು ಮಾತ್ರೆ ಇಟ್ಟುಕೊಳ್ಳುವ ಹೊತ್ತು ಅದೇ. ಬಾಯಿ ತೆರೆಯುವ ಹಾಗಿಲ್ಲ ಅಂತ ಅವಳಿಗೂ ಗೊತ್ತು. ನಾನು "ಹ್ಞೂಂ" ಅನ್ನುತ್ತೇನೆ. ಉಸಿರಾಡುವುದು ಕೇಳಿಸಿತಲ್ಲ, ಅಷ್ಟು ಸಾಕು ಅವಳಿಗೆ. ಆಮೇಲೆ ಹತ್ತು ನಿಮಿಷ ಅವಳೇ ಮಾತಾಡುತ್ತಾಳೆ. ಮಗ ಹೋಮ್‌ವರ್ಕ್ ಮಾಡಿಲ್ಲ, ನಲ್ಲಿ ಸೋರುತ್ತಿದೆ, ಪಕ್ಕದ ಮನೆ ನಾಯಿ ಮರಿ ಹಾಕಿದೆ. ಇವತ್ತೂ ಮಾಡಿದಳು. ಐದು ಮರಿಯಂತೆ, ಒಂದಕ್ಕೆ ಬಾಲದ ತುದಿ ಮಾತ್ರ ಬಿಳಿ.