ಕೇಳದೆ ಬರೆದ ಹೆಸರು

ಪುಟ್ಟಿ,

ನೀನು ಹೋಗಿ ಹತ್ತು ದಿನವಾಯಿತು. ನೀಲಿ ಫೈಲು ನೀನು ನೂಕಿದ ಕಡೆಯೇ, ಮೇಜಿನ ತುದಿಯಲ್ಲಿದೆ. ಅವತ್ತು ಯಾರು ಏನು ಅಂದರು ಅಂತ ಮತ್ತೆ ಬರೆಯುವುದಿಲ್ಲ. ಇಬ್ಬರಿಗೂ ನೆನಪಿದೆ. ಬಾಗಿಲ ಹತ್ತಿರ ನಿಂತು ನೀನು ಕೇಳಿದ್ದು ಮಾತ್ರ ನನ್ನನ್ನು ಬಿಡುತ್ತಿಲ್ಲ. "ನನ್ನ ಹೆಸರು ಬರೆಯೋ ಮುಂಚೆ ನನ್ನನ್ನ ಒಂದು ಮಾತು ಕೇಳಬೇಕು ಅನ್ನಿಸಲಿಲ್ವಾ, ಅಪ್ಪಾ?"

ಅನ್ನಿಸಲಿಲ್ಲ. ಅದೇ ನಿಜ. ಡಾಕ್ಟರು ಹೃದಯದ ವಿಷಯ ಹೇಳಿದ ಮೇಲೆ ನನ್ನ ತಲೆಯಲ್ಲಿದ್ದದ್ದು ಒಂದೇ, ಎಲ್ಲವನ್ನೂ ಬರೆದು ಮುಗಿಸಬೇಕು. ಉಯಿಲು, ಬ್ಯಾಂಕ್ ಖಾತೆ, ಇನ್ಶೂರೆನ್ಸ್, ಪಾಸ್‌ವರ್ಡು, ಕೊನೆಗಾಲದಲ್ಲಿ ವೆಂಟಿಲೇಟರ್ ಹಾಕಬೇಕೋ ಬೇಡವೋ ಅನ್ನುವುದು ಕೂಡ. ಎಲ್ಲದರ ಮುಂದೆಯೂ ನಿನ್ನ ಹೆಸರು. ಅದು ನಿನ್ನ ಮೇಲಿನ ನಂಬಿಕೆ ಅಂದುಕೊಂಡಿದ್ದೆ. ನಿನ್ನ ಅಪ್ಪನ ಉಸಿರು ನಿಲ್ಲಿಸುವ ಮಾತನ್ನು ನೀನೇ ಹೇಳಬೇಕಾಗುತ್ತದೆ, ಅದು ಎಷ್ಟು ಭಾರ ಅಂತ ಹೊಳೆಯಲೇ ಇಲ್ಲ.

ನಿದ್ದೆ ಬಾರದ ರಾತ್ರಿಗಳಲ್ಲಿ ಆಲ್‌ಫ್ರೆಡ್ ನೊಬೆಲ್ ಬಗ್ಗೆ ಓದಿದೆ. ಆತ ಕೊನೆಯ ಉಯಿಲಿಗೆ ಸಹಿ ಹಾಕಿದ್ದು 1895ರ ನವೆಂಬರ್ 27ರಂದು. ಆಗ ಆತನಿಗೆ 62, ಈಗ ನನಗಿರುವಷ್ಟೇ ವಯಸ್ಸು. ವಕೀಲರನ್ನು ಕೇಳದೆ ತಾನೇ ಬರೆದ. ತನ್ನ ಆಸ್ತಿಯಿಂದ ನೊಬೆಲ್ ಬಹುಮಾನ ಕೊಡುವ ಕೆಲಸವನ್ನು ಯಾವ ಸಂಸ್ಥೆಗಳಿಗೆ ವಹಿಸಿದನೋ, ಅವುಗಳನ್ನೂ ಮೊದಲು ಕೇಳಿರಲಿಲ್ಲ. ಉಯಿಲನ್ನು ಜಾರಿಗೆ ತರುವ ಹೊಣೆ ಬಿದ್ದ ಇಬ್ಬರಲ್ಲಿ ಒಬ್ಬ ರಾಗ್ನರ್ ಸೋಲ್‌ಮನ್, ಆತನ ಸಹಾಯಕ. 1896ರ ಡಿಸೆಂಬರಿನಲ್ಲಿ ನೊಬೆಲ್ ತೀರಿಕೊಂಡಾಗ ಆ ಹುಡುಗನಿಗೆ 26. ನಿನಗಿಂತ ಎರಡು ವರ್ಷ ಚಿಕ್ಕವನು. ಬಂಧುಗಳು ತಕರಾರು ತೆಗೆದರು. ಸಂಸ್ಥೆಗಳು ಹಿಂದೆಮುಂದೆ ನೋಡಿದವು. ಮೊದಲ ಬಹುಮಾನ ಕೊಡುವಷ್ಟರಲ್ಲಿ 1901 ಬಂದಿತ್ತು. ಲೋಕ ನೊಬೆಲ್‌ನನ್ನು ನೆನಪಿಟ್ಟುಕೊಂಡಿದೆ, ಸರಿ. ನನಗೆ ಮಾತ್ರ ಆ ಹುಡುಗ ಕಳೆದ ವರ್ಷಗಳದ್ದೇ ಯೋಚನೆ.

ಇನ್ನೊಂದು ನೆನಪು ಇದಕ್ಕಿಂತ ಜಾಸ್ತಿ ಕಾಡುತ್ತಿದೆ. ನಿನಗೆ ಎಂಟು ವರ್ಷ ಇರಬೇಕು. ಇದೇ ಮೇಜಿನಲ್ಲಿ ನಾನು ಲೆಕ್ಕ ನೋಡುತ್ತಿದ್ದೆ. ನೀನು ಒಂದು ಹಾಳೆ ಹಿಡಿದು ಬಂದು ಪಕ್ಕದಲ್ಲಿ ನಿಂತೆ. ನಾನು ತಿರುಗಲಿಲ್ಲ. ಎಡಗೈ ಎತ್ತಿದೆ, ತಾಳು ಅಂತ. ಬೈಯಲಿಲ್ಲ, ಗದರಲಿಲ್ಲ, ಸುಮ್ನೆ ಕೈ ಎತ್ತಿದೆ. ಎಷ್ಟು ಹೊತ್ತು ನಿಂತಿದ್ದೆಯೋ ಗೊತ್ತಿಲ್ಲ. ನಾನು ತಲೆ ಎತ್ತಿದಾಗ ನೀನಿರಲಿಲ್ಲ. ಎದ್ದು ನಿನ್ನ ಹಿಂದೆ ಬರಬಹುದಿತ್ತು. ಬರಲಿಲ್ಲ. ಮರುದಿನ ಕೇಳಬಹುದಿತ್ತು. ಕೇಳಲಿಲ್ಲ. ಅವತ್ತಿನ ಲೆಕ್ಕ ಯಾವುದು ಅಂತ ಈಗ ಒಂದಿಷ್ಟೂ ನೆನಪಿಲ್ಲ. ಎತ್ತಿದ ಕೈ ಮಾತ್ರ ಕಣ್ಣ ಮುಂದೆ ಇದೆ. ನಿನಗೆ ನೆನಪಿಲ್ಲದಿದ್ದರೆ ಸಂತೋಷ. ನೆನಪಿದ್ದರೆ, ನಾನು ನಿನಗೆ ಬಿಟ್ಟುಹೋಗುವುದರಲ್ಲಿ ಆ ಕೈಯೂ ಸೇರಿತು, ಅಲ್ವಾ? ಉಯಿಲನ್ನಾದರೆ ಹರಿದು ಬೇರೆ ಬರೆಯಬಹುದು. ಅದನ್ನು ಹೇಗೆ ಅಳಿಸಲಿ?

ಅದಕ್ಕೇ ಈಗ ಪ್ರತಿ ರಾತ್ರಿ ಮಲಗುವ ಮುಂಚೆ ನೆನಪು ಮಾಡಿಕೊಳ್ಳುತ್ತೇನೆ, ಇವತ್ತು ಯಾರಿಗೆ ಕೈ ಎತ್ತಿ ತಾಳು ಅಂದೆ ಅಂತ. ನಿನ್ನೆ ನಿನ್ನ ಅಮ್ಮನಿಗೆ ಎರಡು ಸಲ ಅಂದಿದ್ದೆ. ಇವತ್ತು ಒಂದು ಸಲ.

ಒಂದು ಮಾತು ಹೇಳಲಾ? ಕೆಲಸದಲ್ಲಿ ನಿನ್ನ ಕೈಕೆಳಗಿನವರು ಏನಾದರೂ ಕೇಳೋಕೆ ಬಂದರೆ ಸ್ಕ್ರೀನಿನಿಂದ ಕಣ್ಣು ತೆಗೆದು ಅವರ ಮುಖ ನೋಡು. ಹತ್ತು ವರ್ಷ ದುಡಿದು ಆಮೇಲೆ ನೆಮ್ಮದಿಯಾಗಿ ಇರುತ್ತೇನೆ ಅನ್ನುತ್ತೀಯಲ್ಲ, ಆ ಹತ್ತು ವರ್ಷವೂ ಬದುಕೇ. ಗೆಳತಿಯ ಜೊತೆಗಿನ ಮುನಿಸನ್ನು ಈ ವಾರವೇ ಮುಗಿಸು. ರಾತ್ರಿ ಹನ್ನೊಂದರ ಮೇಲೆ ಮೇಲ್ ನೋಡಬೇಡ. ಬಿಪಿ ಚೆಕ್ ಮಾಡಿಸಿಕೋ, ನಮ್ಮ ಮನೆತನದಲ್ಲಿದೆ. ಮತ್ತೆ ಉಪದೇಶ ಮಾಡಿದೆ. ಕ್ಷಮಿಸು. ಹೇಳದೆ ಇರಲು ಭಯವಾಗುತ್ತದೆ.

ಅವತ್ತು ನೀನು ಕೇಳಿದಾಗ ನನಗೆ ಸಿಟ್ಟು ಬಂದದ್ದು ನಿಜ. ಆದರೆ ನನ್ನ ಅಪ್ಪನ ಎದುರು ಹಾಗೆ ನಿಂತು ಕೇಳುವ ಧೈರ್ಯ ನನಗೆ ಒಮ್ಮೆಯೂ ಬಂದಿರಲಿಲ್ಲ. ನೀನು ಕೇಳಿದೆ. ನೀನು ಹೋದ ಮೇಲೆ ಅದನ್ನು ನಿನ್ನ ಅಮ್ಮನಿಗೆ ಹೇಳಿದೆ, ಎರಡು ಸಲ ಹೇಳಿದೆ. ನಿನಗೆ ಹೇಳಿರಲಿಲ್ಲ.

ಕಾಗದಗಳನ್ನು ಹೊಸದಾಗಿ ಬರೆದಿದ್ದೇನೆ. ನಿನ್ನ ಹೆಸರಿದ್ದ ಕಡೆಯೆಲ್ಲ ಖಾಲಿ ಬಿಟ್ಟಿದ್ದೇನೆ, ಸಹಿ ಹಾಕಿಲ್ಲ. ನೀನು ಆಗಲ್ಲ ಅಂದರೆ ಬೇರೆಯವರನ್ನು ಕೇಳುತ್ತೇನೆ. ಈ ಸಲ ಕೇಳಿಯೇ ಬರೆಯುತ್ತೇನೆ.

ಭಾನುವಾರ ನಾನೇ ಬರಲಾ? ಫೈಲು ತರುವುದಿಲ್ಲ. ಅವತ್ತು ಆ ಹಾಳೆಯಲ್ಲಿ ಏನಿತ್ತು ಅಂತ ಕೇಳಬೇಕು.

ಅಪ್ಪ