ಅರ್ಲಿಂಗ್ಟನ್ ಹೋಟೆಲಿನಲ್ಲಿ ಕಾಪೋನ್ ಒಬ್ಬನೇ ಇರಲಿಲ್ಲ: ಹಾಟ್ ಸ್ಪ್ರಿಂಗ್ಸ್ ಮೇಯರ್ ಅವರಿಗೊಂದು ಬಹಿರಂಗ ಪತ್ರ

ಮಾನ್ಯ ಮೇಯರ್ ಅವರಿಗೆ,
ಹಾಟ್ ಸ್ಪ್ರಿಂಗ್ಸ್ ನಗರ, ಅರ್ಕನ್ಸಾ ರಾಜ್ಯ, ಅಮೆರಿಕ

ನಮಸ್ಕಾರ.

ನಿಮ್ಮ ಊರಿನ ಅರ್ಲಿಂಗ್ಟನ್ ಹೋಟೆಲ್ ಬಗ್ಗೆ ಯಾರನ್ನೇ ಕೇಳಿ, ಎರಡನೇ ಮಾತಿಗೆ ಷಿಕಾಗೋದ ಕುಖ್ಯಾತ ಗ್ಯಾಂಗ್‌ಸ್ಟರ್ ಅಲ್ ಕಾಪೋನ್ ಬಂದುಬಿಡುತ್ತಾನೆ. ನಾಲ್ಕನೇ ಮಹಡಿ, 442ನೇ ಕೋಣೆ, ಕಿಟಕಿಯಿಂದ ಕಾಣುವ ಜೂಜಿನ ಕ್ಲಬ್ಬು, ಹೀಗೆ ಕಥೆ ಶುರುವಾಗುತ್ತದೆ. ಗ್ಯಾಂಗ್‌ಸ್ಟರ್‌ಗಳಿಗೇ ಅಂತ ನಿಮ್ಮಲ್ಲೊಂದು ಮ್ಯೂಸಿಯಂ ಕೂಡ ಇದೆ. ಕಥೆ ಮಜವಾಗಿದೆ, ಇಲ್ಲ ಅನ್ನೋದಿಲ್ಲ. ನಾನೂ ಕಿವಿಗೊಟ್ಟು ಕೇಳಿದವನೇ. ಆದರೆ ಆ ಹೋಟೆಲ್ ಕಟ್ಟಿದ್ದು ಕಾಪೋನ್‌ಗಾಗಿ ಅಲ್ಲವಲ್ಲ. ಕಟ್ಟಿದ್ದು ಸ್ನಾನಕ್ಕೆ. ಆ ಸ್ನಾನ ಮಾಡಿಸಿದ ಕೈಗಳ ಕಥೆ ಹೇಳಿ ಅಂತ ಕೇಳೋದಕ್ಕೇ ಈ ಪತ್ರ. ನಿಮ್ಮ ಊರಿಗೆ ಬರುವ ನಮ್ಮವರೂ ಓದಲಿ ಅಂತ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಇಂಗ್ಲಿಷ್ ಪ್ರತಿಯನ್ನು ನಿಮ್ಮ ಕಚೇರಿಗೆ ಕಳಿಸುತ್ತೇನೆ.

ಕನ್ನಡದ ಓದುಗರಿಗಾಗಿ ಸ್ವಲ್ಪ ಹಿಂದಿನಿಂದ ಹೇಳಬೇಕು, ಬೇಜಾರು ಮಾಡ್ಕೋಬೇಡಿ. ಈಗ ನಿಂತಿರುವುದು ಮೂರನೇ ಅರ್ಲಿಂಗ್ಟನ್. ಮೊದಲನೆಯದು 1875ರಲ್ಲಿ ಬಾಗಿಲು ತೆರೆದ ಮರದ ಕಟ್ಟಡ. ಅದನ್ನು ಕೆಡವಿ 1893ರಲ್ಲಿ ಇನ್ನೂ ದೊಡ್ಡದನ್ನು ಕಟ್ಟಿದರು. ಅದು 1923ರ ಏಪ್ರಿಲ್‌ನಲ್ಲಿ ಸುಟ್ಟುಹೋಯಿತು. ಆ ಜಾಗ ಈಗ ಹುಲ್ಲುಹಾಸು. ಮೂರನೆಯದನ್ನು ರಸ್ತೆ ದಾಟಿ ಎದುರುಗಡೆ ಕಟ್ಟಿದರು, 1924ರ ಡಿಸೆಂಬರ್ ಕೊನೆಗೆ ತೆರೆದರು. ಎರಡು ಗೋಪುರ, ಹತ್ತಿರ ಹತ್ತಿರ 500 ಕೋಣೆ. ಸ್ನಾನದ ವಿಭಾಗ ಹೋಟೆಲಿನೊಳಗೇ ಇತ್ತು, ಹಾಗಾಗಿ ಅತಿಥಿಗಳು ಕೋಣೆಯಿಂದ ಗೌನ್ ಹಾಕಿಕೊಂಡೇ ಹೋಗಿ ಬರಬಹುದಿತ್ತು. ಬೇಸ್‌ಬಾಲ್ ಆಟಗಾರರು ಬಂದರು, ಅಧ್ಯಕ್ಷರು ಬಂದರು, ಕಾಪೋನ್‌ನೂ ಬಂದ.

ಆದರೆ ಇವರೆಲ್ಲರಿಗಿಂತ ಹಳೆಯ ಅತಿಥಿ ನೀರು. ಅದರ ವಯಸ್ಸು ಸುಮಾರು 4,400 ವರ್ಷ ಅಂತ ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಯಾವುದೋ ಕಾಲದ ಮಳೆ ಬಂಡೆಯ ಬಿರುಕುಗಳಲ್ಲಿ ನಿಧಾನವಾಗಿ ಇಳಿಯುತ್ತಾ ಹೋಗಿ, ಆಳದಲ್ಲಿ ಕಾದು, ಒಂದು ಭ್ರಂಶ, ಅಂದರೆ ನೆಲದಾಳದ ದೊಡ್ಡ ಸೀಳು, ಸಿಕ್ಕಿದ ಕೂಡಲೇ ಬೇಗ ಬೇಗ ಮೇಲೆ ಬರುತ್ತದೆ. ಬೇಗ ಬರುವುದರಿಂದಲೇ ದಾರಿಯಲ್ಲಿ ತಣಿಯುವುದಿಲ್ಲ. ಸುತ್ತಮುತ್ತ ಜ್ವಾಲಾಮುಖಿ ಇಲ್ಲದಿದ್ದರೂ ನೀರು 62 ಡಿಗ್ರಿ ಸೆಲ್ಸಿಯಸ್ ಹತ್ತಿರ ಇರುತ್ತದೆ. ಹಾಗೇ ಮೈಮೇಲೆ ಹಾಕಿಕೊಂಡರೆ ಸುಡುತ್ತದೆ, ಆರಿಸಿಯೇ ಬಳಸಬೇಕು. ಈ ನೀರನ್ನು ಉಳಿಸಬೇಕು ಅಂತ ಅಮೆರಿಕ ಸರ್ಕಾರ 1832ರಲ್ಲೇ ಜಾಗ ಕಾಯ್ದಿರಿಸಿತು. ಅಮೆರಿಕದ ಮೊದಲ ರಾಷ್ಟ್ರೀಯ ಉದ್ಯಾನ ಯೆಲ್ಲೋಸ್ಟೋನ್‌ಗಿಂತ 40 ವರ್ಷ ಮೊದಲು! 1921ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. ಬುಗ್ಗೆಗಳ ನೀರನ್ನು ಹಿಡಿದು ಪೈಪಿನಲ್ಲಿ ಸ್ನಾನಗೃಹಗಳಿಗೂ ಹೋಟೆಲಿಗೂ ಕೊಡುವುದು ಉದ್ಯಾನದವರೇ.

ಅಂದರೆ ಗೋಡೆ ಖಾಸಗಿಯವರದ್ದು, ನೀರು ಮಾತ್ರ ಜನರದ್ದು. ಹೋಟೆಲ್ ಮಾಲೀಕರಿಗೆ ಇಂಥದ್ದು ಮಾಡಿ ಅಂತ ಹೇಳೋಕೆ ನಾವ್ಯಾರು ಅಂತ ನೀವು ಕೇಳಬಹುದು. ಈ ನೀರಿನ ಹೆಸರಿನಲ್ಲೇ ನಿಮ್ಮ ಊರು ಬೆಳೆದಿದೆ. ಕೇಳುವ ಹಕ್ಕು ನಿಮಗೆ ಖಂಡಿತ ಇದೆ.

ಈಗ ಆ ಸ್ನಾನದ ವಿಷಯಕ್ಕೆ ಬರುತ್ತೇನೆ. ಆಗಿನ ಸ್ನಾನ ಅಂದರೆ ತೊಟ್ಟಿಗಿಳಿದು ಎದ್ದು ಬರುವುದಲ್ಲ. ಡಾಕ್ಟರು ಚೀಟಿ ಬರೆದುಕೊಡುತ್ತಿದ್ದರು: ನೀರು ಇಷ್ಟು ಬಿಸಿ, ಇಷ್ಟು ನಿಮಿಷ. ಸಾಮಾನ್ಯವಾಗಿ 21 ಸ್ನಾನಗಳ ಕೋರ್ಸು. ಬಂದವರನ್ನು ಅಟೆಂಡೆಂಟ್ ಬಿಳಿ ದುಪ್ಪಟಿ ಸುತ್ತಿ ಕರೆದುಕೊಂಡು ಹೋಗಿ ತೊಟ್ಟಿಯಲ್ಲಿ ಕೂರಿಸುತ್ತಾನೆ. ಲೂಫಾ (ಒಣಗಿದ ಹೀರೆಕಾಯಿ ನಾರು) ಹಾಕಿ ಬೆನ್ನು, ಕೈಕಾಲು ತಿಕ್ಕುತ್ತಾನೆ. ಕುಡಿಯಲು ಬಿಸಿನೀರು ಕೊಡುತ್ತಾನೆ. ಆಮೇಲೆ ತಲೆ ಮಾತ್ರ ಹೊರಗಿರುವ ಹಬೆಯ ಪೆಟ್ಟಿಗೆ. ಅದರಾಚೆ ನೋಯುವ ಕೀಲಿಗೆ ಬಿಸಿ ಟವೆಲ್ ಸುತ್ತಿ ಮಲಗಿಸುವುದು, ಸುತ್ತಲಿಂದ ಸೂಜಿಯಂತೆ ಚುಚ್ಚುವ ಶವರ್, ಕೊನೆಗೆ ತಣ್ಣಗಿನ ಕೋಣೆ. ಸಂಧಿವಾತದಿಂದ ನಡೆಯಲಾಗದವರನ್ನು ಎತ್ತಿಕೊಂಡು ಹೋಗಿ ತೊಟ್ಟಿಗಿಳಿಸಿ ಮತ್ತೆ ಎತ್ತಬೇಕಿತ್ತು. ಅತಿಥಿಗೆ ಆ ಹಬೆಯಲ್ಲಿ ಒಂದು ಗಂಟೆಯ ಸುಖ. ಅಟೆಂಡೆಂಟಿಗೆ ಇಡೀ ದಿನ ಅದೇ ಹಬೆ.

ಪೆನ್ಸಿಲಿನ್ ಬರುವ ಮುಂಚೆ ನಿಮ್ಮ ಊರಿಗೆ ಸಿಫಿಲಿಸ್ ಅನ್ನುವ ಲೈಂಗಿಕ ರೋಗದವರೂ ತುಂಬಾ ಬರುತ್ತಿದ್ದರು. ಜಾಹೀರಾತಿನಲ್ಲಿ ಇದನ್ನು ಜಾಸ್ತಿ ಹೇಳುತ್ತಿರಲಿಲ್ಲ, ಅಷ್ಟೇ. ಅವರ ಮೈಗೆ ಪಾದರಸದ ಮುಲಾಮು ತಿಕ್ಕಬೇಕಿತ್ತು. ಅದನ್ನೇ ಕಸುಬಾಗಿ ಮಾಡುತ್ತಿದ್ದವರು ಇದ್ದರು. ಪಾದರಸ ವಿಷ ಅಂತ ಇವತ್ತು ಸ್ಕೂಲ್ ಮಕ್ಕಳಿಗೂ ಗೊತ್ತು.

ಈ ಅಟೆಂಡೆಂಟರಲ್ಲಿ ಬಹುಪಾಲು ಕಪ್ಪು ಜನ, ಗಂಡಸರೂ ಹೆಂಗಸರೂ. ತಾವು ದಿನವಿಡೀ ಬೇರೆಯವರನ್ನು ಮೀಯಿಸುತ್ತಿದ್ದ ತೊಟ್ಟಿಗಳಲ್ಲಿ ಅವರು ಮೀಯುವ ಹಾಗಿರಲಿಲ್ಲ. ಅದೇ ಬುಗ್ಗೆಯ ನೀರು ತಮಗೂ ಬೇಕು ಅಂದರೆ ಮಾಲ್ವರ್ನ್ ಅವೆನ್ಯೂಗೆ ಹೋಗಬೇಕಿತ್ತು. ಅಲ್ಲಿ ಕಪ್ಪು ಜನರಿಗಾಗಿ ಕ್ರಿಸ್ಟಲ್ ಅನ್ನುವ ಸ್ನಾನಗೃಹ ಇತ್ತು. 1913ರ ದೊಡ್ಡ ಬೆಂಕಿಯಲ್ಲಿ ಅದು ಹೋಯಿತು. ಆಮೇಲೆ ಪಿಥಿಯನ್ ಸ್ನಾನಗೃಹ ಎದ್ದಿತು. ನನಗೆ ತುಂಬಾ ಕಾಡಿದ್ದು ಮುಂದಿನ ಕಟ್ಟಡ. ಈಗಿನ ಅರ್ಲಿಂಗ್ಟನ್ ಏಳುತ್ತಿದ್ದ ದಿನಗಳಲ್ಲೇ, ಅಂದರೆ 1923-24ರಲ್ಲಿ, ವುಡ್‌ಮೆನ್ ಆಫ್ ಯೂನಿಯನ್ ಅನ್ನುವ ಕಪ್ಪು ಜನರ ಸಂಘ ಅದೇ ಅವೆನ್ಯೂನಲ್ಲಿ ತನ್ನದೇ ಕಟ್ಟಡ ಕಟ್ಟಿಸಿತು. ಹೋಟೆಲ್, ಸ್ನಾನಗೃಹ, ಆಸ್ಪತ್ರೆ, ದೊಡ್ಡ ಸಭಾಂಗಣ, ಎಲ್ಲ ಒಂದೇ ಸೂರಿನಡಿ. ಮುಂದೆ ಅದು ನ್ಯಾಷನಲ್ ಬ್ಯಾಪ್ಟಿಸ್ಟ್ ಹೋಟೆಲ್ ಆಯಿತು. ಒಂದೇ ಊರು, ಒಂದೇ ನೀರು, ಹೆಚ್ಚುಕಮ್ಮಿ ಒಂದೇ ವರ್ಷ, ಎರಡು ಹೋಟೆಲ್. ಸಾರ್ವಜನಿಕ ಜಾಗಗಳಲ್ಲಿ ಬಣ್ಣ ನೋಡಿ ಬಾಗಿಲು ಹಾಕುವುದನ್ನು ನಿಮ್ಮ ದೇಶದ ಕಾನೂನು ನಿಷೇಧಿಸಿದ್ದು 1964ರಲ್ಲಿ. ಅಷ್ಟು ಹೊತ್ತಿಗೆ ಸ್ನಾನದ ವ್ಯಾಪಾರವೇ ಇಳಿದುಹೋಗಿತ್ತು. 1915ರಲ್ಲಿ ಕಟ್ಟಿದ ಫೋರ್ಡೈಸ್ ಸ್ನಾನಗೃಹ 1962ರಲ್ಲೇ ಮುಚ್ಚಿತ್ತು. ಬಾಗಿಲು ತೆರೆಯುವಷ್ಟರಲ್ಲಿ ಒಳಗೆ ಪಾರ್ಟಿ ಮುಗಿದಿತ್ತು.

ಅಟೆಂಡೆಂಟರ ಕಥೆಯನ್ನು ಯಾರೂ ಹೇಳುತ್ತಿಲ್ಲ ಅಂತ ನಾನು ದೂರುತ್ತಿಲ್ಲ. ಫೋರ್ಡೈಸ್ ಈಗ ಉದ್ಯಾನದ ಮ್ಯೂಸಿಯಂ, ಅಲ್ಲಿ ಹೋಗಿ ನೋಡಿದರೆ ಸ್ನಾನದ ಕೆಲಸ ಹೇಗಿತ್ತು ಅಂತ ಅರ್ಥವಾಗುತ್ತದೆ. ಆದರೆ ಅರ್ಲಿಂಗ್ಟನ್ ಲಾಬಿಯಲ್ಲಿ ಫೋಟೋ ತೆಗೆಸಿಕೊಂಡು 442ರ ಬಾಗಿಲು ಹುಡುಕಿಕೊಂಡು ಹೋಗುವವರ ಪೈಕಿ ಎಷ್ಟು ಜನ ಅಲ್ಲಿಗೆ ಹೋಗುತ್ತಾರೆ? ಇನ್ನೊಂದು ಮಾತು. ಗ್ಯಾಂಗ್‌ಸ್ಟರ್ ಕಥೆಯನ್ನೇ ಹೇಳುವುದಾದರೆ ಪೂರ್ತಿ ಹೇಳಬೇಕು, ಅಲ್ವಾ? ಜೂಜು ಕಾನೂನಿಗೆ ವಿರುದ್ಧವಾಗಿದ್ದರೂ ಬೀದಿಯಲ್ಲಿ ರಾಜಾರೋಷವಾಗಿ ನಡೆಯುತ್ತಿತ್ತು. ಯಾಕಂದರೆ ಆಗಿನ ಮೇಯರ್ ಲಿಯೋ ಮೆಕ್‌ಲಾಫ್ಲಿನ್ ಅದಕ್ಕೆ ಬೆಂಬಲವಾಗಿ ನಿಂತಿದ್ದರು. 1927ರಿಂದ ಇಪ್ಪತ್ತು ವರ್ಷ ನಿಮ್ಮ ಕುರ್ಚಿಯಲ್ಲಿ ಕೂತಿದ್ದವರು ಅವರು. ಆ ಅಕ್ರಮ ಜೂಜು ಕೊನೆಗೂ ನಿಂತಿದ್ದು 1967ರಲ್ಲಿ, ಗವರ್ನರ್ ವಿನ್‌ಥ್ರಾಪ್ ರಾಕ್‌ಫೆಲರ್ ಹಠ ಹಿಡಿದ ಮೇಲೆ. ಕಾಪೋನ್ ಹೆಸರಿಗೆ ಸಿಗುವ ಜಾಗದಲ್ಲಿ ಒಂದು ಚೂರನ್ನಾದರೂ ಬೆವರು ಸುರಿಸಿದವರಿಗೆ ಕೊಡಿ ಅನ್ನುವುದು ದೊಡ್ಡ ಬೇಡಿಕೆಯೇನಲ್ಲ.

ಈಗಲೇ ಯಾಕೆ ಅಂದರೆ, ನಿಮ್ಮೂರಿನದೇ ಇನ್ನೊಂದು ಹಳೆಯ ಹೋಟೆಲ್ ಮೆಜೆಸ್ಟಿಕ್ ಹೋದ ರೀತಿ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ವರ್ಷಗಟ್ಟಲೆ ಖಾಲಿ ಬಿದ್ದಿತ್ತು. 2014ರ ಫೆಬ್ರವರಿಯಲ್ಲಿ ಅದರ ಹಳೆಯ ಭಾಗ ಸುಟ್ಟುಹೋಯಿತು. ಉಳಿದದ್ದನ್ನು 2016ರಲ್ಲಿ ಕೆಡವಿದರು. ಅದಕ್ಕೂ ಮುಂಚೆ ಈಸ್ಟ್‌ಮನ್ ಅನ್ನುವ ಭಾರೀ ಹೋಟೆಲ್ ಇತ್ತು. ಅದರ ಗುರುತೂ ಇಲ್ಲ. ಆ ಕಾಲದ ದೊಡ್ಡ ಹೋಟೆಲುಗಳಲ್ಲಿ ಕಣ್ಣಿಗೆ ಬೀಳುವಂತೆ ನಿಂತಿರುವುದು ಅರ್ಲಿಂಗ್ಟನ್. ಕಟ್ಟಡ ಹೋದರೆ ಫೋಟೋ ಆದರೂ ಉಳಿಯುತ್ತದೆ. ಅಲ್ಲಿ ಕೆಲಸ ಮಾಡಿದವರ ನೆನಪು ಹೋದರೆ ಏನೂ ಉಳಿಯುವುದಿಲ್ಲ. ಅರವತ್ತು, ಎಪ್ಪತ್ತರ ದಶಕದಲ್ಲಿ ಆ ತೊಟ್ಟಿಗಳ ಪಕ್ಕ ನಿಂತಿದ್ದವರು ಈಗ ತುಂಬಾ ವಯಸ್ಸಾದವರು.

ಹಾಗಾಗಿ ಕೇಳುವುದು ಇಷ್ಟು. ನಗರ ಮಂಡಳಿಯ ಕಡೆಯಿಂದ ಯಾರಾದರೊಬ್ಬರನ್ನು ಹಚ್ಚಿ, ಬದುಕಿರುವ ಹಳೆಯ ಅಟೆಂಡೆಂಟರನ್ನೂ ಅವರ ಮಕ್ಕಳನ್ನೂ ಮಾತಾಡಿಸಿ, ರೆಕಾರ್ಡ್ ಮಾಡಿಸಿ. ಉದ್ಯಾನದವರ ಹಳೆಯ ದಾಖಲೆಗಳಲ್ಲಿ ಯಾರ ಯಾರ ಹೆಸರು ಇದೆ ಹುಡುಕಿಸಿ, ಯಾಕಂದರೆ ಅಟೆಂಡೆಂಟರ ಕೆಲಸದ ಮೇಲೆ ಸರ್ಕಾರದ ನಿಯಮಗಳಿದ್ದವು, ಕಾಗದ ಪತ್ರ ಎಲ್ಲಾದರೂ ಇರಲೇಬೇಕು. ಆ ಹೆಸರುಗಳನ್ನು ಅರ್ಲಿಂಗ್ಟನ್ ಮುಂದಿನ ಫುಟ್‌ಪಾತ್ ಮೇಲೆ ಓದುವ ಹಾಗೆ ಹಾಕಿಸಿ. ಹೋಟೆಲಿನವರು ಒಪ್ಪಿದರೆ ಲಾಬಿಯಲ್ಲಿ, ಒಪ್ಪದಿದ್ದರೆ ಫುಟ್‌ಪಾತ್ ಅಂತೂ ಊರಿನದ್ದೇ. ಮತ್ತೆ ಯಾವತ್ತಾದರೂ ಹೋಟೆಲಿನ ರಿಪೇರಿಗೋ ಮಾರ್ಪಾಡಿಗೋ ಅನುಮತಿ ಕೇಳಿಕೊಂಡು ಕಡತ ನಿಮ್ಮ ಮೇಜಿಗೆ ಬಂದರೆ, ಗೋಪುರ ಮತ್ತು ಲಾಬಿ ಉಳಿಯುತ್ತಾ ಅಂತ ಕೇಳಿದ ಮೇಲೆ ಸ್ನಾನದ ವಿಭಾಗದ ಬಗ್ಗೆಯೂ ಒಂದು ಮಾತು ಕೇಳಿ. ಬುಗ್ಗೆಯ ನೀರು ಹರಿಯದ ಅರ್ಲಿಂಗ್ಟನ್ ಸುಮ್ನೆ ಒಂದು ಹಳೇ ಹೋಟೆಲ್, ಅಷ್ಟೇ.

ಮುಂದಿನ ಸಭೆಯಲ್ಲೇ ಇದನ್ನು ಎತ್ತುತ್ತೀರಿ ಅಂತ ನಂಬಿದ್ದೇನೆ. ಉತ್ತರ ಬಂದರೆ ಕನ್ನಡಕ್ಕೆ ತಂದು ಎಲ್ಲರಿಗೂ ಓದಿಸುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ನಿಮ್ಮ ಊರಿನ ನೀರಲ್ಲಿ ಮಿಂದು ಹೋದ ಒಬ್ಬ ಕನ್ನಡಿಗ