ಮಗಳಿಗೊಂದು ಪತ್ರ: ನಿನ್ನ ಕಪಾಟಿಗೆ ಯಾವ ಪುಸ್ತಕ?

ಪುಟ್ಟಿ,

ಮಕ್ಕಳ ಆಪ್ತಸಮಾಲೋಚನೆ ಶುರು ಮಾಡೋಕೆ ಮುಂಚೆ ಯಾವ ಪುಸ್ತಕ ಕೊಳ್ಳಲಿ ಅಂತ ಕೇಳಿದ್ದೀಯ.

ದೊಡ್ಡವರ ಪುಸ್ತಕಗಳ ಮಾತು ಬೇಗ ಮುಗಿಸುತ್ತೇನೆ. ಡಿಎಸ್‌ಎಂ ಬೇಕೇ ಬೇಕು, ಮಾನಸಿಕ ತೊಂದರೆಗಳನ್ನು ಗುರುತಿಸೋ ಕೈಪಿಡಿ ಅದು. 2013ರ ಐದನೇ ಆವೃತ್ತಿಯನ್ನು 2022ರಲ್ಲಿ ಪರಿಷ್ಕರಿಸಿದ್ದಾರೆ, ಹೊಸದನ್ನೇ ತಗೋ. ಆದರೆ ಅದನ್ನು ಓದಿದ ಹೊಸದರಲ್ಲಿ ಎದುರಿಗೆ ಬಂದ ಮಗುವೆಲ್ಲ ಯಾವುದೋ ಒಂದು ಪುಟಕ್ಕೆ ಹೊಂದಿಕೆಯಾದ ಹಾಗೆ ಕಾಣುತ್ತೆ. ಅದಕ್ಕೇ ಜೊತೆಗೆ, ಆಟದ ಮೂಲಕ ಮಕ್ಕಳಿಗೆ ಚಿಕಿತ್ಸೆ ಕೊಡುತ್ತಿದ್ದ ವರ್ಜೀನಿಯಾ ಆಕ್ಸ್‌ಲೈನ್ 1964ರಲ್ಲಿ ಬರೆದ ‘ಡಿಬ್ಸ್’ ಕೂಡ ಓದು. ಒಬ್ಬನೇ ಹುಡುಗನ ಕಥೆ ಅದು. ಅವನು ಆಡುತ್ತಾನೆ, ಆಕೆ ಕಾಯುತ್ತಾರೆ. ಆ ತಾಳ್ಮೆ ಕೈಪಿಡಿಯಲ್ಲಿ ಸಿಗಲ್ಲ.

ಕಷ್ಟ ಇರೋದು ಭಾವನೆಗಳ ಬಗೆಗಿನ ಮಕ್ಕಳ ಪುಸ್ತಕ ಆರಿಸುವುದರಲ್ಲಿ. ಅಂಗಡಿಯಲ್ಲಿ ಮೊದಲು ಕೊನೆಯ ಪುಟ ತೆಗೆದು ನೋಡು. ಸಿಟ್ಟಿನ ಕರಡಿ ಮೂರು ಸಲ ಉಸಿರೆಳೆದು, ಅಮ್ಮನಿಗೆ ಸಾರಿ ಹೇಳಿ, ನಗುನಗುತ್ತಾ ಮಲಗಿದರೆ ಅಲ್ಲೇ ಇಟ್ಟುಬಿಡು. ಅದು ದೊಡ್ಡವರ ಆಸೆಗೆ ಬರೆದ ಪುಸ್ತಕ. ಕರಡಿಗೆ ಇನ್ನೂ ಸ್ವಲ್ಪ ಸಿಟ್ಟು ಉಳಿದಿದ್ದರೆ ತಗೋ. ಸಂತೋಷ, ದುಃಖ, ಸಿಟ್ಟು, ಭಯ ಅಂತ ನಾಲ್ಕೇ ಮುಖ ಇರೋ ಪುಸ್ತಕವೂ ಸಾಲದು. ತಮ್ಮ ಹುಟ್ಟಿದ ಮೇಲಿನ ಹೊಟ್ಟೆಕಿಚ್ಚು, ತರಗತಿಯಲ್ಲಿ ಉತ್ತರ ತಪ್ಪಾದಾಗಿನ ನಾಚಿಕೆ, ಇವಕ್ಕೂ ಜಾಗ ಬೇಕಲ್ವಾ?

ಭಾವನೆಗೆ ಹೆಸರಿಟ್ಟರೆ ಅದರ ಬಿಸಿ ತಗ್ಗುತ್ತೆ ಅನ್ನೋದು ಸುಮ್ನೆ ಮಾತಲ್ಲ. 2007ರಲ್ಲಿ ಮನಶ್ಶಾಸ್ತ್ರಜ್ಞ ಮ್ಯಾಥ್ಯೂ ಲೀಬರ್‌ಮನ್ ತಂಡ ಮೆದುಳಿನ ಸ್ಕ್ಯಾನ್ ಮಾಡಿ ನೋಡಿತು. ಚಿತ್ರದಲ್ಲಿನ ಮುಖದ ಭಾವನೆಗೆ ಸರಿಯಾದ ಪದ ಆರಿಸಿದಾಗ ಭಯದಂಥ ಭಾವನೆಗೆ ಸ್ಪಂದಿಸುವ ಮೆದುಳಿನ ಭಾಗವಾದ ಅಮಿಗ್ಡಲಾದ ಚಟುವಟಿಕೆ ಕಡಿಮೆಯಾಗಿತ್ತು. ಆದರೆ ಸ್ಕ್ಯಾನ್ ಮಾಡಿಸಿಕೊಂಡವರೆಲ್ಲ ದೊಡ್ಡವರು, ಸ್ಕ್ಯಾನರ್ ಒಳಗೆ ತಣ್ಣಗೆ ಮಲಗಿದ್ದವರು. ನೆಲಕ್ಕೆ ಬಿದ್ದು ಚೀರೋ ನಾಲ್ಕು ವರ್ಷದ ಮಗುವಿನ ಮುಂದೆ ಪುಸ್ತಕ ಹಿಡಿಯಬೇಡ. ಅದು ನೆಮ್ಮದಿಯಾಗಿರುವಾಗ ಓದು.

ಓದುವಾಗ ಎದುರಿಗಲ್ಲ, ಪಕ್ಕದಲ್ಲಿ ಕೂತ್ಕೋ. ಇಬ್ಬರ ಕಣ್ಣೂ ಪುಟದ ಮೇಲಿದ್ದರೆ ಮಗುವಿಗೆ ನಿನ್ನ ಮುಖ ನೋಡುವ ಕಷ್ಟ ಇರಲ್ಲ. “ಮೊಲಕ್ಕೆ ಶಾಲೆಗೆ ಹೋಗೋ ದಿನ ಮಾತ್ರ ಹೊಟ್ಟೆ ನೋಯುತ್ತೆ” ಅಂತ ತಾನಾಗಿ ಹೇಳುತ್ತೆ, ಕಥೆಯಲ್ಲಿ ಶಾಲೆಯ ಸುದ್ದಿಯೇ ಇಲ್ಲದಿದ್ದರೂ! ಆಗ “ನಿನಗೂ ಹಾಗಾ?” ಅಂತ ಬಾಯಿ ಹಾಕಬೇಡ. ತಕ್ಷಣ ಮುದುಡಿಕೊಳ್ಳುತ್ತೆ. “ಮೊಲ ಆಮೇಲೆ ಏನು ಮಾಡುತ್ತೆ?” ಅಂತ ಕೇಳು. ಮೊಲದ ಹೆಸರಲ್ಲೇ ಎಷ್ಟು ಬೇಕಾದರೂ ಹೇಳಲಿ.

“ಹಠ ಬಿಡಿಸೋಕೆ ಒಂದು ಪುಸ್ತಕ ಹೇಳಿ” ಅಂತ ಅಪ್ಪ ಅಮ್ಮಂದಿರು ಬರುತ್ತಾರೆ. ಕೊಡು, ಆದರೆ ಅವರೇ ಕೂತು ಓದಬೇಕು ಅಂತ ಹೇಳು. ಇನ್ನು ಯಾವುದಾದರೂ ಮಗು ಸಾಯೋ ಮಾತಾಡಿದರೆ ಪುಸ್ತಕ ಮುಚ್ಚಿಬಿಡು. ಮಗುವನ್ನು ಒಂಟಿಯಾಗಿ ಬಿಡದೆ, ಅವತ್ತೇ ಮನೆಯವರಿಗೆ ತಿಳಿಸಿ ಮನೋವೈದ್ಯರ ಹತ್ತಿರ ಕಳಿಸು.

ಮಕ್ಕಳು ಪುಸ್ತಕ ಮನೆಗೆ ಒಯ್ತೀನಿ ಅಂದರೆ ಇಲ್ಲ ಅನ್ನಬೇಡ. ಎಷ್ಟೋ ವಾಪಸ್ ಬರಲ್ಲ. ಪಟ್ಟಿ ಕಳಿಸು, ಮತ್ತೆ ನಾನೇ ಕೊಡಿಸುತ್ತೇನೆ.

ನಿನ್ನ
ಅಮ್ಮ